ಏಕಾದಶಿ ರಾತ್ರಿಯ ಸೀಟಿ

ಹಾನಗಲ್ಲಿನ ದನದ ದವಾಖಾನೆಯ ಡ್ರೆಸರ್ ದ್ಯಾಮಪ್ಪನನ್ನು ಕೆಡಿಸಿದ್ದು ಸೆರೆಯಲ್ಲ, ಇಸ್ಪೀಟಲ್ಲ, ಎರಡು ಶಬ್ದ. ಎಪ್ಪತ್ತೆಂಟನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತು. ಹಿರೇಕೆರೂರಿಗೆ ವರ್ಗವಾಗಿ ಹೊರಟ ದನದ ಡಾಕ್ಟರ್ ಗುರುರಾಜ ಸಾಹೇಬರು ಜೀಪು ಹತ್ತುವ ಮುಂಚೆ ಅವನ ಹೆಗಲ ಮೇಲೆ ಕೈಯಿಟ್ಟು, "ದ್ಯಾಮಪ್ಪ, ನೀ ಅರ್ಧ ಡಾಕ್ಟರ್ ಇದ್ದಂಗ" ಎಂದುಬಿಟ್ಟರು. ಸಾಹೇಬರು ಹೋದರು. ಮಾತು ಇಲ್ಲೇ ಉಳಿಯಿತು.

ಹದಿನಾಲ್ಕು ವರ್ಷ ಎತ್ತಿನ ಕಾಲಿಗೆ ಪಟ್ಟಿ ಕಟ್ಟಿ, ಎಮ್ಮೆಯ ಒದೆ ತಿಂದು, ಬಿದಿರಿನ ಗೊಟ್ಟದಲ್ಲಿ ಆಕಳ ಗಂಟಲಿಗೆ ಔಷಧ ಇಳಿಸಿದವನಿಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ದನ ಎದ್ದು ನಿಂತರೆ ಸಾಹೇಬರ ಕೈಗುಣ, ಸತ್ತರೆ ಡ್ರೆಸರನ ಅಲಕ್ಷ್ಯ. ಕೆಲಸದ ಹಂಚಿಕೆ ಹಾಗಿತ್ತು. ಅಂಥವನಿಗೆ ಒಮ್ಮೆಲೇ ಅರ್ಧ ಡಾಕ್ಟರ್ ಪದವಿ ಸಿಕ್ಕರೆ ತಲೆ ತಿರುಗದೆ ಏನಾಗುತ್ತದೆ? ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಎರಡು ಸಲ ಕೂತು ಎರಡೂ ಸಲ ಬರಿಗೈಲಿ ಎದ್ದುಬಂದ ಮನುಷ್ಯ ಮರುದಿನವೇ ಬಡಿಗೇರನ ಮನೆಗೆ ಹೋಗಿ ಬೇವಿನ ಹಲಗೆಯ ಮೇಲೆ ಅಕ್ಷರ ಕೆತ್ತಿಸಿದ. "ಅರ್ಧ ಡಾ. ದ್ಯಾಮಪ್ಪ, ಪ್ರಾಣಿ ತಜ್ಞರು" ಎಂದು ಹೇಳಿ ಬಂದಿದ್ದ. ಹಲಗೆ ಸಾಲಲಿಲ್ಲವೆಂದು ಬಡಿಗೇರ "ಅರ್ಧ" ಬಿಟ್ಟಿದ್ದ. ದ್ಯಾಮಪ್ಪ ಇದಕ್ಕೆ ಸಿಟ್ಟಾಗಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಮೂರನೆಯ ದಿನ ಹಲಗೆಯನ್ನು ಬಾಗಿಲ ಮೇಲೆ ಮೊಳೆ ಹೊಡೆದು ಕೂಡಿಸಿದ.

ಹೊಗಳಿಕೆಯ ಜೊತೆಗೆ ಸಾಹೇಬರು ಒಂದು ಕಟ್ಟಿಗೆಯ ಪೆಟ್ಟಿಗೆಯನ್ನೂ ಬಿಟ್ಟುಹೋಗಿದ್ದರು. ಮುಂದೆ ತಂತಿಯ ಜಾಳಿಗೆ, ಒಳಗೆ ಒಂದು ಗಿನಿಪಿಗ್. ಬಾಲವಿಲ್ಲ, ಕುತ್ತಿಗೆಯಿಲ್ಲ. ತೆಂಗಿನಕಾಯಿಗೆ ಎರಡು ಕಿವಿ ಅಂಟಿಸಿ ನಾಲ್ಕು ಕಾಲು ಕೊಟ್ಟ ಹಾಗೆ ಮೈ, ಅರ್ಧ ಬಿಳಿ, ಅರ್ಧ ಬೆಲ್ಲದ ಬಣ್ಣ. ಸಾಹೇಬರ ಮನೆಯಲ್ಲಿ ಇಂಥವು ಎರಡಿದ್ದವು, ಅಕ್ಕ ತಂಗಿ. ಒಂದೇ ಪೆಟ್ಟಿಗೆಯಲ್ಲಿ ರಾತ್ರಿಯೆಲ್ಲ ಗುರುಗುರು ಎನ್ನುತ್ತ ಓಡಾಡುತ್ತಿದ್ದವು. ಅದನ್ನು ಕೇಳಿ ಸಾಹೇಬರು ಓದಿದವರ ಹಾಗೆಯೇ ವಿಚಾರ ಮಾಡಿದರು. ಶಾಲೆಯಲ್ಲಿ ಇಬ್ಬರು ಗದ್ದಲ ಮಾಡಿದರೆ ಮಾಸ್ತರರು ಏನು ಮಾಡುತ್ತಾರೆ? ಬೇರೆ ಬೇರೆ ಬೆಂಚಿಗೆ ಕೂಡಿಸುತ್ತಾರೆ. ಹಾಗಾಗಿ ಅಕ್ಕ ಹಿರೇಕೆರೂರಿನ ಬೆಂಚಿಗೆ, ತಂಗಿ ಹಾನಗಲ್ಲಿನ ಬೆಂಚಿಗೆ.

"ಒಂದ ಇದ್ರ ಗಪ್‌ಚಿಪ್ ಇರತದ, ನೋಡಿಕೋತ ಇರು" ಎಂದಿದ್ದರು.

ಡಿಗ್ರಿ ಇದ್ದವರ ಮಾತಿಗೆ ಎದುರಾಡಬೇಕಾದರೆ ನಮ್ಮ ಕಡೆ ಇನ್ನೊಂದು ಡಿಗ್ರಿ ಬೇಕು. ದ್ಯಾಮಪ್ಪ ಹೂಂ ಅಂದ.

ಅವನು ಬಾಡಿಗೆಗಿದ್ದದ್ದು ಪ್ರಹ್ಲಾದಾಚಾರ್ಯರ ವಾಡೆಯ ಹಿಂದಿನ ಎರಡು ಖೋಲಿಗಳಲ್ಲಿ. ಮುಂದಿನ ಭಾಗದಲ್ಲಿ ಆಚಾರ್ಯರು, ನಿವೃತ್ತ ಮಾಸ್ತರರು, ಎಪ್ಪತ್ತರ ವಯಸ್ಸು. ಜೊತೆಗೆ ಅವರ ಅಕ್ಕ ತುಳಸಾಬಾಯಿ, ಇಪ್ಪತ್ತರ ಒಳಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ನಿಂತವರು. ಎರಡೂ ಬಿಡಾರಗಳ ನಡುವಿನ ಗೋಡೆ ಮಾಡಿನ ತನಕ ಮುಟ್ಟಿರಲಿಲ್ಲ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಿದ್ದರು. ಮೈಯೆಲ್ಲ ಫಿನೈಲು, ಮುಲಾಮಿನ ವಾಸನೆ ಹೊತ್ತು ಮನೆಗೆ ಬರುವ ದ್ಯಾಮಪ್ಪನಿಗೆ ಊರಿನಲ್ಲಿ ಬೇರೆ ಯಾರೂ ಮನೆ ಕೊಟ್ಟಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಆಚಾರ್ಯರೊಬ್ಬರೇ "ಗೋಸೇವಾ ಮಾಡೋ ಮನುಷ್ಯಾ, ಇರಲಿ ಬಿಡು" ಎಂದು ಕೀಲಿಕೈ ಕೊಟ್ಟಿದ್ದರು. ಈ ಮನೆ ಹೋದರೆ ದವಾಖಾನೆಯ ಕೊಟ್ಟಿಗೆಯೇ ಗತಿ.

ಆಚಾರ್ಯರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದುದರಿಂದ ದ್ಯಾಮಪ್ಪ ಆ ಪ್ರಾಣಿಯ ಹೆಸರನ್ನು ವಾಡೆಯೊಳಗೆ ಹೇಳಲು ಹೋಗಲಿಲ್ಲ. "ವಿಲಾಯತಿ ಮೊಲಾ ರೀ" ಅಂದ. ಅವನ ಹೆಂಡತಿ ಶಿವಬಸವ್ವ ಪೆಟ್ಟಿಗೆಯೊಳಗೆ ಇಣುಕಿ, "ಗುಂಡವ್ವ" ಅಂದಳು. ಅದೇ ಖಾಯಂ ಆಯಿತು.

ಮೊದಲ ರಾತ್ರಿ ದೀಪ ಆರಿಸಿದ ಅರ್ಧ ತಾಸಿಗೆ ಗುಂಡವ್ವ ಜಾಳಿಗೆಯ ತಂತಿಗೆ ಹಲ್ಲು ಹಚ್ಚಿದಳು. ಕಟಕಟ ಕಟಕಟ. ಸ್ವಲ್ಪ ಹೊತ್ತು ನಿಂತು ಸಣ್ಣಗೆ ಮುಲುಗಿದಳು. ಮತ್ತೆ ಕಟಕಟ. ಬೆಳಗಿನ ತನಕ ಇದೇ ಸೇವೆ.

"ಏನ್ರೀ ಡಾಕ್ಟರ" ಎಂದಳು ಶಿವಬಸವ್ವ, ಹೊದಿಕೆಯೊಳಗಿಂದ. "ಇದಕ್ಕ ಏನಾಗೇತಿ?"

"ಜಂತಾ, ಹೊಟ್ಟ್ಯಾಗ ಹುಳಾ."

ಎರಡನೆಯ ರಾತ್ರಿ ಮತ್ತೆ ಕೇಳಿದಳು.

"ಹವಾ ಬದಲಾಗೇತಿ."

"ನಿನ್ನಿ ಜಂತಾ ಅಂದ್ರಿ?"

"ಜಂತಕ್ಕ ಹವಾ ಬದಲಾಗೇತಿ."

ಮೂರನೆಯ ದಿನ ಅವನು ಎಮ್ಮೆಯ ಡೋಜನ್ನು ಗುಂಡವ್ವನ ತೂಕಕ್ಕೆ ಭಾಗಿಸಲು ಕೂತ. ಮುಲ್ಕಿಯಲ್ಲಿ ಕೈಕೊಟ್ಟಿದ್ದ ಭಾಗಾಕಾರ ಇಲ್ಲಿಯೂ ಕೈಕೊಟ್ಟು, ಉತ್ತರ ಎಮ್ಮೆಯ ಡೋಜಿಗಿಂತ ಹೆಚ್ಚು ಬಂತು. ಶಿವಬಸವ್ವ ಬಾಟಲಿಯನ್ನೇ ಹಿತ್ತಲ ತಿಪ್ಪೆಗೆ ಸುರಿದಳು. ಗುಂಡವ್ವನ ಜೀವ ಉಳಿಸಿದ ಮೊದಲ ಪುಣ್ಯ ಆಕೆಯದು.

"ನನಗೇನೋ ಇದಕ್ಕ ಗಂಡ ಬೇಕಾಗ್ಯಾನ ಅನಸತೈತಿ" ಎಂದಳು. ದ್ಯಾಮಪ್ಪ ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡ.

ಎಂಟನೆಯ ದಿನ ಏಕಾದಶಿ. ಪ್ರಹ್ಲಾದಾಚಾರ್ಯರ ಏಕಾದಶಿ ಎಂದರೆ ಊರಿಗೇ ಗೊತ್ತು. ಹನಿ ನೀರು ಮುಟ್ಟದ ಉಪವಾಸ. ಅದೇ ತಿಂಗಳು ಓಣಿಯಲ್ಲಿ ಹಿತ್ತಲಿನ ತಾಮ್ರದ ಕೊಡಗಳು ಕಳುವಾಗಿದ್ದವು. ಓಣಿಯವರೇ ಕೂಡಿ ಗಸ್ತು ಹಾಕಿಕೊಂಡಿದ್ದರು. ಗಸ್ತಿನ ಮುಖಂಡ ಹವಾಲ್ದಾರ್ ಶಂಕ್ರಪ್ಪ. ಆತ ನಿವೃತ್ತನಾಗಿ ಆರು ವರ್ಷವಾಗಿದ್ದರೂ ಸೊಂಟದ ಪಟ್ಟಿ ಮಾತ್ರ ನಿವೃತ್ತವಾಗಿರಲಿಲ್ಲ. ಓಣಿಯ ಎರಡೂ ತುದಿಗೆ ಜನ ನಿಲ್ಲಿಸಿ ಶಿಸ್ತಾಗಿ ಹೇಳಿದ್ದ: "ಕಳ್ಳನ್ನ ಕಂಡಾಂವ ಸೀಟಿ ಹೊಡೀಬೇಕು. ಸೀಟಿ ಕೇಳಿದಾಂವ ಓಡಿ ಬಂದು ಮೊದಲ ಹೊಡೀಬೇಕು, ಆಮ್ಯಾಲ ಹೆಸರ ಕೇಳಬೇಕು."

ರಾತ್ರಿ ಎರಡಕ್ಕೆ ವಾಡೆಯ ಒಳಗಿಂದ ಸೀಟಿ ಬಂತು.

ಅಂಥಾ ಇಂಥಾ ಸೀಟಿಯಲ್ಲ. "ಕುಂಯ್ಕ್! ಕುಂಯ್ಕ್! ಕುಂಯ್ಕ್!" ಎಂದು ಮಾಡಿನ ಹಂಚು ನಡುಗುವ ಹಾಗೆ. ಓಣಿಯ ಮೇಲಿನ ತುದಿಯಿಂದ ಶಂಕ್ರಪ್ಪ ಓಡಿ ಬಂದ. ಕೆಳಗಿನ ತುದಿಯಿಂದ ಹತ್ತಿ ವ್ಯಾಪಾರದ ಗುಮಾಸ್ತ ಓಡಿ ಬಂದ. ವಾಡೆಯ ಮುಂದೆ ಕತ್ತಲಲ್ಲಿ ಇಬ್ಬರೂ ಭೇಟಿಯಾದರು. ಇಬ್ಬರೂ ಶಿಸ್ತಿನವರು. ಮೊದಲು ಹೊಡೆದರು, ಆಮೇಲೆ ಹೆಸರು ಕೇಳಿದರು. ಹೆಸರು ತಿಳಿದ ಮೇಲೂ ಗುಮಾಸ್ತ ಎರಡು ಏಟು ಹೆಚ್ಚಿಗೆ ಕೊಟ್ಟನೆಂದೂ, ಅದಕ್ಕೆ ಹಳೆಯ ಕಾರಣವಿತ್ತೆಂದೂ ಓಣಿ ಇಂದಿಗೂ ಹೇಳುತ್ತದೆ.

ಬೆಳಿಗ್ಗೆ ಶಂಕ್ರಪ್ಪ ಬಾತ ಕಣ್ಣಿನೊಂದಿಗೆ ದ್ಯಾಮಪ್ಪನ ಬಾಗಿಲಿಗೆ ಬಂದ.

"ಸೀಟಿ ಹೊಡದಾಂವ ಎಲ್ಲಿ ಅದಾನಲೇ ದ್ಯಾಮ್ಯಾ?"

ದ್ಯಾಮಪ್ಪ ಪೆಟ್ಟಿಗೆ ತೋರಿಸಿದ. ಶಂಕ್ರಪ್ಪ ಬಗ್ಗಿ ನೋಡಿದ. ಗುಂಡವ್ವ ಮೂಗು ಅಲ್ಲಾಡಿಸಿದಳು.

"ಇದಾ? ಇಷ್ಟs ಅದೇನು?"

"ಇಷ್ಟs ಅದಾಳ್ರೀ."

"ಬಾಯಾಗ ಸೀಟಿ ಇಟಗೊಂಡಾಳೇನ್ ನೋಡಲೇ!" ಮೂವತ್ತು ವರ್ಷ ಪೊಲೀಸ್ ಸೀಟಿ ಊದಿದ ಮನುಷ್ಯ, ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆ ಹೆಚ್ಚಾಗಿತ್ತು. "ನನ್ನ ಸೀಟಿಗೂ ಇಷ್ಟು ಜೋರ ಇರಲಿಲ್ಲ ಬಿಡು."

ಆದರೆ ಆಚಾರ್ಯರ ಮುಖ ಬಿಳಿಚಿತ್ತು. ಉಪವಾಸದ ಸುಸ್ತೆಂದು ಎಲ್ಲರೂ ತಿಳಿದರು.

"ದ್ಯಾಮಪ್ಪಾ, ಇದು ನನ್ನ ಮನಿಯೊಳಗ ನಡಿಯಂಗಿಲ್ಲ. ಏಕಾದಶಿ ದಿನಾನೇ ಹಿಂಗ ಒದರಬೇಕೇನದು? ಬರೋ ಏಕಾದಶಿತನಕ ಟೈಮ ಕೊಟ್ಟೀನಿ. ಅವತ್ತ ರಾತ್ರಿ ಅದರ ಸೀಟಿ ಕೇಳಿತು ಅಂದ್ರ ಮರುದಿನ ನೀನೂ, ನಿನ್ನ ಬೋರ್ಡೂ ಹೊರಗ. ಶಂಕ್ರಪ್ಪನs ಸಾಕ್ಷಿ."

ಹದಿನೈದು ದಿನ. ದ್ಯಾಮಪ್ಪ ಕೆಲಸಕ್ಕೆ ಇಳಿದ. ಪೆಟ್ಟಿಗೆಯ ಮೇಲೆ ಕೌದಿ ಹೊಚ್ಚಿ, ರಾತ್ರಿಯೆಲ್ಲ ಪಕ್ಕದಲ್ಲಿ ಕೂತ. ಏನಾಶ್ಚರ್ಯ! ಗುಂಡವ್ವ ಗಪ್ ಆದಳು. ಜಾಳಿಗೆಯ ಹತ್ತಿರ ಬಂದು ಅವನ ಬೆರಳಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿದಳು. "ಕೌದಿ ಔಷಧ" ಎಂದು ನೋಟುಬುಕ್ಕಿನಲ್ಲಿ ಬರೆದು ಎದ್ದು ಹಾಸಿಗೆಗೆ ಹೋದ. ಕಟಕಟ ಶುರುವಾಯಿತು. ಮರಳಿ ಬಂದು ಕೂತ. ಗಪ್. ಎದ್ದ. ಕಟಕಟ. ಕೌದಿ ತೆಳುವಾಯಿತೆಂದು ಇನ್ನೊಂದು ಹೊಚ್ಚಿ ಕೂತ. ಗಪ್. ಹೀಗೆ ಮನೆಯ ನಾಲ್ಕೂ ಕೌದಿ ಪೆಟ್ಟಿಗೆಗೆ ಹೋದವು. ಶಿವಬಸವ್ವ ಜಮಖಾನೆ ಹೊದ್ದು ಮಲಗಿದಳು. ದ್ಯಾಮಪ್ಪ ಐದು ರಾತ್ರಿ ನಿದ್ದೆಗೆಟ್ಟು, ದವಾಖಾನೆಯಲ್ಲಿ ಕುಂಟುವ ಎತ್ತನ್ನು ಬಿಟ್ಟು ಅದರ ಜೊತೆಯ ಎತ್ತಿಗೆ ಪಟ್ಟಿ ಕಟ್ಟಿದ. ಆದರೂ ಒಂದು ಮಾತು ಹೇಳಬೇಕು. ಡಿಗ್ರಿಯವರು ಯಾರೂ ಅಂಗೈಯಗಲದ ಒಂದು ಪ್ರಾಣಿಯ ಸಲುವಾಗಿ ಐದು ರಾತ್ರಿ ನೆಲದ ಮೇಲೆ ಕೂತದ್ದನ್ನು ಆ ಓಣಿ ಕಂಡಿರಲಿಲ್ಲ.

ಆರನೆಯ ದಿನ ನಸುಕಿನಲ್ಲಿ ತುಳಸಾಬಾಯಿ ಹಿತ್ತಲಿಗೆ ಬಂದರು. ಮಡಿಯುಟ್ಟಿದ್ದರು. ಹತ್ತು ಮಾರು ದೂರ ನಿಂತೇ ಕರೆದರು.

"ದ್ಯಾಮಪ್ಪಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ಗುಂಡವ್ವಗ ರೋಗ ಇಲ್ಲ."

"ಹಂಗಂದ್ರ ಹೆಂಗ್ರೀ ಬಾಯಾರ? ರಾತ್ರಿಯೆಲ್ಲಾ ಒದರತಾಳಲ್ರೀ?"

"ಅದು ಎರಡು ದನಿ ತಗೀತದ. ನೀ ಎರಡಕ್ಕೂ ಕೌದಿ ಹೊಚ್ಚಲಿಕ್ಕತ್ತೀ."

ದ್ಯಾಮಪ್ಪ ಅಂಗಿಯ ಕಿಸೆಯಿಂದ ನೋಟುಬುಕ್ಕು ತೆಗೆದ.

"ಒಂದು ಸೀಟಿ. ಅದು ಕಾಗದದ ಸಪ್ಪಳ ಕೇಳಿದ್ರ ಅಷ್ಟ. ಸಂತ್ಯಾಗ ಫಕ್ಕೀರವ್ವ ಕೊತ್ತಂಬರಿ ಕಡ್ಡಿ ಕಾಗದದಾಗ ಸುತ್ತಿ ಕೊಡ್ತಾಳ ಹೌದಲ್ಲೋ? ನೀ ಅದನ್ನ ಬಿಚ್ಚತೀ. ಕಾಗದ ಸರಸರ ಅಂದ್ರ ಊಟ ಬಂತು ಅಂತ ತಿಳಕೊಂಡದ ಅದು. ಶಾಣ್ಯಾ ಅದ. ಇನ್ನೊಂದು, ಎಲ್ಲಾರೂ ಮಲಗಿದ ಮ್ಯಾಲ ಮುಲುಗೋದು, ತಂತಿ ಕಡಿಯೋದು. ಅದು ಹಸಿವಿಂದಲ್ಲ. ಯಾರರೇ ಎಚ್ಚರ ಇದ್ದೀರೇನು ಅಂತ ಕೇಳೋದು. ನೀ ಪಕ್ಕದಾಗ ಕೂತ್ರ ಗಪ್ ಆಗ್ತದ. ಔಷಧ ಕೌದಿ ಅಲ್ಲೋ ಹುಚ್ಚಾ, ನೀನು."

"ನಿಮಗ ಇದೆಲ್ಲಾ ಹೆಂಗ ತಿಳೀತ್ರಿ ಬಾಯಾರ? ಅದನ್ನ ನೀವು ಕಣ್ಣಿಲೆ ನೋಡಿಲ್ಲ."

"ಐವತ್ತೆರಡು ವರ್ಷ ಆತು, ಈ ವಾಡೆದಾಗ ರಾತ್ರಿ ಯಾರು ಏನು ಸಪ್ಪಳ ಮಾಡ್ತಾರ ಅಂತ ಕೇಳಿಕೋತ ಮಲಗೀನಿ. ನೋಡೋದೇನದ ಅದರಾಗ?"

ದ್ಯಾಮಪ್ಪ ತಜ್ಞನಂತೆ ತಲೆದೂಗಿದ. "ಶಿವಬಸಿನೂ ಅದನ್ನs ಅಂದಳ್ರೀ. ಒಂದು ಗಂಡು ನೋಡಬೇಕು ಅಂತ."

"ಹೆಣ್ಣು ಒಂಟಿ ಇದ್ದ ಕೂಡ್ಲೇ ನಿಮಗೆಲ್ಲಾ ಗಂಡನ ನೆನಪಾಗ್ತದ ನೋಡು. ಗಂಡ ಯಾಕೋ? ಒಂದು ಜೊತಿ ಸಾಕು. ಅಕ್ಕ ಇದ್ದಳಂತಲ್ಲ, ಆಕಿನ್ನ ಕರಕೊಂಡು ಬಾ."

ಆಗ ದ್ಯಾಮಪ್ಪನಿಗೆ ಒಂದು ಸಂಶಯ ಬಂತು. ಅವನಿಗೆ ಸಂಶಯ ಬರುವುದು ಅಪರೂಪ, ಬಂದರೆ ತಡವಾಗಿ ಬರುತ್ತಿತ್ತು. "ಅಲ್ರೀ ಬಾಯಾರ, ಏಕಾದಶಿ ರಾತ್ರಿ ನಮ್ಮ ಮನ್ಯಾಗ ಕಾಗದ ಯಾರೂ ಮುಟ್ಟಿಲ್ಲ. ಮತ್ತ ಸೀಟಿ ಯಾಕ ಹೊಡದಳು?"

ತುಳಸಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ನಮ್ಮ ಕಡೆ ಒಂದು ಇಲಿ ಅದ."

"ಏಕಾದಶಿ ರಾತ್ರಿ ಅಷ್ಟs ಬರೋ ಇಲಿ ಏನ್ರೀ?"

"ಹೂಂ. ವೈಷ್ಣವ ಇಲಿ. ಅದಕ್ಕೂ ಎಪ್ಪತ್ತಾತು, ಮೊದಲಿನ್ಹಂಗ ಹೊಟ್ಟಿ ತಡಿಯಂಗಿಲ್ಲ ಪಾಪ."

"ಬೋನು ಇಡತೇನ್ರೀ! ದವಾಖಾನ್ಯಾಗ ದೊಡ್ಡದೊಂದು ಐತಿ!"

"ಬ್ಯಾಡೋ ಮಾರಾಯಾ!" ಎಂದು ಹತ್ತು ಮಾರಿನಿಂದ ಎರಡು ಮಾರು ಹತ್ತಿರ ಬಂದರು. "ಇಲಿ ವಿಚಾರ ನನಗ ಬಿಡು. ನೀ ಜೊತಿ ವಿಚಾರ ಮಾಡು."

"ಅದಕ್ಕಿಂತ ಇದನ್ನs ಹಿರೇಕೆರೂರಾಗ ಬಿಟ್ಟು ಬಂದ್ರ ಹೆಂಗ್ರೀ? ಮನಿ ಉಳೀತೈತಿ, ತ್ರಾಸ ತಪ್ಪತೈತಿ."

ತುಳಸಾಬಾಯಿ ಬಾವಿಯ ಹಗ್ಗ ಎಳೆದು ಕೊಡ ತುಂಬಿಸಿಕೊಂಡರು.

"ಮನಿ ಉಳೀತದ, ಖರೆ. ಆದರ ನನಗೂ ರೂಢಿ ಆಗ್ಯದೋ ದ್ಯಾಮಾ. ಗ್ವಾಡಿ ಆಚಿ ಇನ್ನೊಂದು ಜೀವ ಎಚ್ಚರ ಅದ ಅಂತ ಗೊತ್ತಾದ್ರ ರಾತ್ರಿ ಲಗೂನ ಹೋಗ್ತದ." ಅಷ್ಟು ಹೇಳಿ ಕೊಡ ಎತ್ತಿಕೊಂಡು ಒಳಗೆ ಹೋದರು.

ರಜೆ ಸಿಕ್ಕಿದ್ದು ದಶಮಿಯ ದಿನ, ಗಡುವಿನ ಹಿಂದಿನ ದಿನ. "ನೀವಿಲ್ಲದ ಮನ್ಯಾಗ ನಾ ಒಬ್ಬಾಕಿ ಇದನ್ನ ಇಟಗೊಳ್ಳಂಗಿಲ್ಲ" ಎಂದು ಶಿವಬಸವ್ವ ಗುಂಡವ್ವನನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಅರಿವೆ ಕಟ್ಟಿ ಕೈಗೆ ಕೊಟ್ಟಳು. ಹಿರೇಕೆರೂರಿನ ಬಸ್ಸಿನ ಕಂಡಕ್ಟರ್ ಹಯಾತ ಹುಲಿಯಂಥ ಮನುಷ್ಯ. ಅವನ ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು. ನಡುವೆ ಡ್ರೈವರನಿಗೂ ಅವನಿಗೂ ಒಂದು ಮಾತಿಲ್ಲ.

ಊರು ದಾಟಿ ಎರಡು ಮೈಲಿ ಹೋಗಿರಲಿಲ್ಲ, ಮುಂದಿನ ಸೀಟಿನ ಹಾಲವ್ವನೆಂಬ ಮುದುಕಿ ಶೇಂಗಾದ ಪುಡಿಕೆ ಬಿಚ್ಚಿದಳು.

"ಕುಂಯ್ಕ್!"

ಡ್ರೈವರ್ ಬ್ರೇಕು ಒತ್ತಿದ. ನಿಂತವರೆಲ್ಲ ಕೂತವರ ತೊಡೆಯ ಮೇಲೆ ಕೂತರು.

"ಕೌನ್ ಹೈ ವೋ?" ಎಂದ ಹಯಾತ. "ಯಾರಪ್ಪಾ ಅಂವ ಸೀಟಿ ಹೊಡದಾಂವ? ಸರ್ಕಾರಿ ಸೀಟಿ ನನ್ನ ಕೊರಳಾಗ ಐತಿ, ನೋಡ್ರಿ ಎಲ್ಲಾರೂ!"

ಎರಡು ಸೀಟಿ ಊದಿದ. ಬಸ್ಸು ಹೊರಟಿತು. ಹಾಲವ್ವ ಇನ್ನೆರಡು ಶೇಂಗಾ ತೆಗೆದಳು. ಬಸ್ಸು ನಿಂತಿತು. ಜೋಳದ ಹೊಲದ ನಡುವೆ, ಕೆರೆಯ ಏರಿಯ ಮೇಲೆ, ಒಂದು ಕಡೆ ಯಾವ ಊರೂ ಅಲ್ಲದ ಊರಿನಲ್ಲಿ ಬಸ್ಸು ನಿಂತಿತು. ಅಲ್ಲಿ ಮಾತ್ರ ಒಬ್ಬ ಹತ್ತಿ, "ಹನ್ನೆರಡು ವರ್ಷದಿಂದ ಇಲ್ಲಿ ನಿಲ್ಲಸ್ರೀ ಅಂತ ಅರ್ಜಿ ಬರದೇನಿ, ಇವತ್ತ ನಿಲ್ಲಿಸಿದ್ರಿ, ಪುಣ್ಯಾ ಬರಲಿ" ಎಂದು ಹಯಾತನ ಕೈ ಹಿಡಿದುಕೊಂಡ.

ಆರನೆಯ ಸಲ ಡ್ರೈವರ್ ಇಳಿದು ಹಿಂದೆ ಬಂದು ಹಯಾತನ ಕೊರಳಿನ ಸೀಟಿ ಕಿತ್ತುಕೊಂಡ. "ಕುಡದೀ ಏನೋ ನೀನು?" ಹಯಾತನಿಗೆ ಕಣ್ಣಲ್ಲಿ ನೀರೇ ಬಂತು. ಇಪ್ಪತ್ತು ವರ್ಷದ ಸರ್ವಿಸು. ದ್ಯಾಮಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಬುಟ್ಟಿಯ ಅರಿವೆ ಸರಿಸಿ ತಪ್ಪೊಪ್ಪಿಕೊಂಡ. ಬಸ್ಸಿನ ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಇಳಿಸುತ್ತಾನೆ, ನಡೆದೇ ಹೋಗಬೇಕು ಎಂದುಕೊಂಡ ದ್ಯಾಮಪ್ಪ.

ಹಯಾತ ಬುಟ್ಟಿಯೊಳಗೆ ನೋಡಿ, ಹಾಲವ್ವನ ಕೈಯಿಂದ ಪುಡಿಕೆ ತೆಗೆದುಕೊಂಡು ಒಂದು ಸಲ ಸದ್ದು ಮಾಡಿದ. "ಕುಂಯ್ಕ್!" ಎರಡು ಸಲ ಮಾಡಿದ. "ಕುಂಯ್ಕ್! ಕುಂಯ್ಕ್!"

"ಮಾಶಾಲ್ಲಾ!" ಎಂದ. "ಇದು ಲೈಸೆನ್ಸ್ ಇಲ್ಲದ ಕಂಡಕ್ಟರ್!" ಮುಂದೆ ಹಿರೇಕೆರೂರಿನ ತನಕ ಹಯಾತ ಸೀಟಿ ಮುಟ್ಟಲಿಲ್ಲ. ಬುಟ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ನಿಲ್ಲಲು ಪುಡಿಕೆ ಒಂದು ಸಲ, ಹೊರಡಲು ಎರಡು ಸಲ. ಪ್ರತಿ ಸೀಟಿಗೂ ಹಾಲವ್ವನ ಗಂಟಿನಲ್ಲಿದ್ದ ಹಸಿ ಶೇಂಗಾ ಗಿಡದ ಒಂದು ಎಲೆ ಸಂಬಳ. ಕೆಲಸ ಮಾಡಿಸಿದ ಮೇಲೆ ಕೂಲಿಯನ್ನು ಅಲ್ಲೇ ಕೈಗೆ ಕೊಟ್ಟ ಒಬ್ಬ ಮನುಷ್ಯನನ್ನು ದ್ಯಾಮಪ್ಪ ತನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ಅಂದೇ ಮೊದಲು ಕಂಡದ್ದು.

ಸಾಹೇಬರ ಬಾಗಿಲು ತೆರೆದದ್ದು ಅವರ ಹೆಂಡತಿ ವಿಮಲಾಬಾಯಿ. ಕಣ್ಣು ಕೆಂಪು, ಕೂದಲು ಕೆದರಿತ್ತು.

"ದ್ಯಾಮಪ್ಪಾ, ಬಾ. ನಾ ನಿದ್ದಿ ಮಾಡಿ ಇವತ್ತಿಗೆ ಇಪ್ಪತ್ತೆರಡು ದಿನ. ಅದು ರಾತ್ರಿಯೆಲ್ಲಾ ತಂತಿ ಕಡೀತದ, ಇವರು ರಾತ್ರಿಯೆಲ್ಲಾ ಪುಸ್ತಕ ಓದತಾರ."

ಒಳಗೆ ಸಾಹೇಬರು ಮೂರು ದಪ್ಪ ಪುಸ್ತಕಗಳ ನಡುವೆ ಕೂತಿದ್ದರು. ಪೆಟ್ಟಿಗೆಯಲ್ಲಿ ಅಕ್ಕ ಮೂಲೆಗೆ ಮುಖ ಮಾಡಿ ಕೂತಿತ್ತು. "ವಿಟಮಿನ್ ಕೊರತೆ ಇರಬೇಕು" ಎಂದರು ಸಾಹೇಬರು. "ಬೆಂಗಳೂರಿಗೆ ಪತ್ರ ಬರದೀನಿ."

ದ್ಯಾಮಪ್ಪ ಬುಟ್ಟಿ ತೆರೆದು ಗುಂಡವ್ವನನ್ನು ಪೆಟ್ಟಿಗೆಯೊಳಗೆ ಬಿಟ್ಟ.

ಎರಡೂ ಕಲ್ಲಿನ ಹಾಗೆ ನಿಂತವು. ಮೂಗಿಗೆ ಮೂಗು ಹಚ್ಚಿದವು. ಆಮೇಲೆ ಅಕ್ಕ ಗುರ್ರ್ ಎಂದು ಗಂಟಲಲ್ಲೇ ಒಂದು ಮಾತಾಡಿತು. ತಂಗಿ ಉತ್ತರ ಕೊಟ್ಟಳು. ನೋಡನೋಡುತ್ತಿದ್ದಂತೆ ಎರಡೂ ನಾಲ್ಕು ಕಾಲನ್ನೂ ನೆಲದಿಂದ ಎತ್ತಿ, ಹಂಚಿನ ಮೇಲೆ ಅರಳು ಸಿಡಿದ ಹಾಗೆ ಚಟ್ ಚಟ್ ಎಂದು ಗಾಳಿಗೆ ಜಿಗಿದವು. ಬಿದ್ದವು, ಮತ್ತೆ ಜಿಗಿದವು. ದಣಿದು ಒಂದರ ಬೆನ್ನಿಗೆ ಒಂದು ಆತು ಕೂತವು. ಮನೆಯಲ್ಲಿ ಎಂಥ ನಿಶ್ಶಬ್ದವೆಂದರೆ ವಿಮಲಾಬಾಯಿ ನಿಂತಲ್ಲೇ ಆಕಳಿಸಿದರು.

ಸಾಹೇಬರು ಪುಸ್ತಕ ತಿರುವಿದರು. "ಈ ಲಕ್ಷಣ ಇದರಾಗ ಇಲ್ಲಲ್ಲ..."

"ಆ ಪುಸ್ತಕ ಮುಚ್ಚರೀ ಮೊದಲ!" ಎಂದರು ವಿಮಲಾಬಾಯಿ. "ಎರಡನ್ನೂ ಕಡಿದು ಬ್ಯಾರೆ ಮಾಡಿದಾವ್ರು ನೀವು. ಇನ್ನ ಮತ್ತ ಯಾವಾಗ ವರ್ಗ ಆಗ್ತದೋ, ಯಾರನ್ನ ಎಲ್ಲಿ ಕಳಸತೀರೋ. ದ್ಯಾಮಪ್ಪಾ, ಎರಡನ್ನೂ ನೀನs ಒಯ್ಯಿ. ಈಗs ಒಯ್ಯಿ. ನಾ ಮಲಗಬೇಕು."

ಸಾಹೇಬರು ಬಸ್ ಸ್ಟ್ಯಾಂಡಿನ ತನಕ ಬಂದರು. ಬಸ್ಸು ಹತ್ತುವ ಮುಂಚೆ ಕೇಳಿದರು, "ಇದನ್ನ ನಿನಗ ಯಾರು ಹೇಳಿಕೊಟ್ರೋ?"

"ನಮ್ಮ ವಾಡೆದಾಗ ಒಬ್ಬರು ಪೂರ್ತಿ ಡಾಕ್ಟರ ಅದಾರ್ರೀ ಸಾಹೇಬ್ರ" ಎಂದ ದ್ಯಾಮಪ್ಪ.

ಮರುದಿನ ಏಕಾದಶಿ. ದ್ಯಾಮಪ್ಪ ದವಾಖಾನೆಯಿಂದ ಬಂದಾಗ ತುಳಸಾಬಾಯಿ ಕಟ್ಟೆಯ ಮೇಲೆ ಕೂತು ಹಳೆಯ ಧೋತರದ ತುಂಡಿನಲ್ಲಿ ಸಣ್ಣ ಚೀಲ ಹೊಲಿಯುತ್ತಿದ್ದರು.

"ಏನ್ರೀ ಬಾಯಾರ ಇದು?"

"ಇಲಿಗೆ ಅಂಗಿ" ಎಂದು ದಾರ ಹಲ್ಲಿನಿಂದ ಕಡಿದರು. ದ್ಯಾಮಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾದವನಂತೆ ತಲೆದೂಗಿ ಒಳಗೆ ಹೋದ.

ರಾತ್ರಿ ಹತ್ತಕ್ಕೆ ದ್ಯಾಮಪ್ಪನ ಖೋಲಿಯಲ್ಲಿ ನ್ಯಾಯಸಭೆ ಕೂಡಿತು. ಶಂಕ್ರಪ್ಪ ಸ್ಟೂಲು ಹಾಕಿಕೊಂಡು ಪೆಟ್ಟಿಗೆಯ ಎದುರೇ ಕೂತ, ಪಟ್ಟಿ ಬಿಗಿದುಕೊಂಡಿದ್ದ. ಆಚಾರ್ಯರು ಆರಾಮ ಕುರ್ಚಿಯಲ್ಲಿ. ಶಿವಬಸವ್ವ ಆಗಲೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟದೆ ಇಟ್ಟಿದ್ದಳು. ಪೆಟ್ಟಿಗೆಯೊಳಗೆ ಅಕ್ಕತಂಗಿಯರು ಹುಲ್ಲು ಮೇದರು, ಒಬ್ಬರ ಹೊಟ್ಟೆಗೆ ಒಬ್ಬರು ತಲೆಯಿಟ್ಟು ಸಣ್ಣಗೆ ಗುರುಗುಟ್ಟಿದರು. ತಂತಿಯ ಕಡೆ ಯಾರೂ ಹೋಗಲಿಲ್ಲ. ಹನ್ನೊಂದಾಯಿತು. ಹನ್ನೆರಡಾಯಿತು.

"ದ್ಯಾಮ್ಯಾ, ಇವು ಸತ್ತಿಲ್ಲ ಹೌದಿಲ್ಲೋ?" ಎಂದ ಶಂಕ್ರಪ್ಪ.

"ಮಾತಾಡಾಕತ್ತಾವ್ರೀ. ಸಾವಕಾಶ ಮಾತಾಡಾಕತ್ತಾವು."

ಒಂದೂವರೆಗೆ ಆಚಾರ್ಯರು ಎದ್ದರು. "ನಾ ಒಂದಿಷ್ಟು ಜಪಕ್ಕ ಕೂಡ್ತೀನಿ" ಎಂದು ಗೋಡೆಯಾಚೆಯ ತಮ್ಮ ಭಾಗಕ್ಕೆ ಹೋದರು. ದ್ಯಾಮಪ್ಪ ಗಡಿಯಾರ ನೋಡಿದ. ತಂತಿಯ ಸದ್ದು ನಿಂತಿತ್ತು, ನಿಜ. ಆದರೆ ಆ ಇಲಿ! ಎರಡು ಗಂಟೆಗೆ ಬರುವ ಇಲಿ! ಅದು ಕಾಗದ ಮುಟ್ಟಿದರೆ ಈಗ ಒಂದಲ್ಲ, ಎರಡು ಗಂಟಲು. ಒಂಬತ್ತು ವರ್ಷದ ಮನೆ ಒಂದು ಸರಸರಕ್ಕೆ ಹೋಗುತ್ತದೆ. ಗೋಡೆಯ ಮೇಲಿನ ಸಂದಿಯನ್ನೇ ನೋಡುತ್ತ ಕೂತ.

ಎರಡು ಹೊಡೆಯಿತು. ಕಾಗದದ ಸದ್ದಿಲ್ಲ. ಸೀಟಿಯಿಲ್ಲ.

ಆಮೇಲೆ ಗೋಡೆಯ ಆಚೆ ಕತ್ತಲಿನಿಂದ, ಬಹಳ ಹುಷಾರಾಗಿ, ಬಹಳ ಮೆಲ್ಲಗೆ, "ಕುರುಂ."

ಒಗ್ಗರಣೆ ಹಾಕಿದ ಅವಲಕ್ಕಿಯೊಳಗಿನ ಶೇಂಗಾ ಹಲ್ಲಿಗೆ ಸಿಕ್ಕ ಸದ್ದು. ನೆಟ್ಟಗೆ ನಾಲ್ಕು ಹಲ್ಲು ಉಳಿದವರ ಬಾಯಿಯ ಸದ್ದು. ಅಕ್ಕತಂಗಿಯರು ಕಿವಿ ನಿಮಿರಿಸಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಕಾಗದವಿಲ್ಲದ ಊಟ ತಮ್ಮದಲ್ಲವೆಂದು ತಿಳಿದು ಮತ್ತೆ ಕಣ್ಣು ಮುಚ್ಚಿದರು. ಶಂಕ್ರಪ್ಪ ಸ್ಟೂಲಿನ ಮೇಲೆಯೇ ಗೊರಕೆ ಹೊಡೆಯುತ್ತಿದ್ದ.

ದ್ಯಾಮಪ್ಪನಿಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಇಲಿ, ಎಪ್ಪತ್ತು ವರ್ಷ, ಕಾಗದದ ಪುಡಿಕೆಯ ಬದಲು ಧೋತರದ ಅಂಗಿ. ಬಾಯಿ ತೆರೆದ. ಶಿವಬಸವ್ವ ತೊಡೆ ಚಿವುಟಿದಳು. ಗೋಡೆಯ ಆಚೆಯಿಂದ ತುಳಸಾಬಾಯಿಯ ದನಿ ತೇಲಿ ಬಂತು.

"ಇಲಿ, ದ್ಯಾಮಪ್ಪಾ. ಮಲಗು."

ಬೆಳಿಗ್ಗೆ ಆಚಾರ್ಯರು ಅಂಗಳಕ್ಕೆ ಬಂದು, ಎದ್ದು ಕಣ್ಣುಜ್ಜುತ್ತಿದ್ದ ಶಂಕ್ರಪ್ಪನ ಎದುರಿಗೇ ತೀರ್ಪು ಕೊಟ್ಟರು. ಮುಖ ಗೆಲುವಾಗಿತ್ತು. "ದ್ಯಾಮಪ್ಪಾ, ಮನಿ ನಿಂದು. ಇಷ್ಟು ದಿನಾ ನಿನ್ನ ಬೋರ್ಡ್ ನೋಡಿ ಮನಸಿನಾಗ ನಗತಿದ್ದೆ. ತಪ್ಪಾತು. ಅದರಾಗ ಬರದದ್ದು ಖರೆ ಅದ."

ದ್ಯಾಮಪ್ಪ ತುಳಸಾಬಾಯಿಯ ಕಡೆ ನೋಡಿದ. ಅವರು ತಲೆಯೆತ್ತದೆ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದರು. ಇವನು ಬಾಗಿಲ ಮೇಲಿನ ಹಲಗೆಯ ಮೊಳೆಗೆ ಇಕ್ಕಳ ಹಾಕಿದ.

"ಬೋರ್ಡ್ ಸುಳ್ಳೈತ್ರಿ ಆಚಾರ್ರ. 'ಅರ್ಧ' ಬಿಟ್ಟು ಕೆತ್ಯಾನ. ಅರ್ಧಾನೂ ನನಗ ಜಾಸ್ತಿನ ಆಗತೈತಿ. ಡಾಕ್ಟರ ಬ್ಯಾರೆಯವರು ಅದಾರ್ರೀ."

"ಯಾರೋ ಅವರು?" ಎಂದರು ಆಚಾರ್ಯರು.

"ಹಲಗಿ ಬಿಸಾಡಬ್ಯಾಡೋ" ಎಂದರು ತುಳಸಾಬಾಯಿ ನಡುವೆಯೇ, ಚೊಂಬು ಕೆಳಗಿಟ್ಟು. "ಬೇವಿಂದು, ಗಟ್ಟಿ ಅದ. ಪೆಟ್ಟಿಗಿ ಒಂದಕ್ಕ ಮಾಡಿದ್ದು, ಈಗ ಎರಡು ಜೀವ. ಒಂದು ಬದಿ ಬಿಚ್ಚಿ ಇದನ್ನ ಹಚ್ಚಿ ದೊಡ್ಡದು ಮಾಡು."

ಹಾಗೆಯೇ ಆಯಿತು. ಗಡಿಬಿಡಿಯಲ್ಲಿ ದ್ಯಾಮಪ್ಪ ಅಕ್ಷರದ ಬದಿಯನ್ನು ಒಳಗೆ ಮಾಡಿ ಮೊಳೆ ಹೊಡೆದ. ಆ ಮೇಲೆ ಅವನ ಬೋರ್ಡನ್ನು ಓದಿದವರು ಅಕ್ಕತಂಗಿಯರು ಇಬ್ಬರೇ. ಓದಿದರು ಅನ್ನುವುದಕ್ಕಿಂತ ಕಡಿದರು. ದೀಪಾವಳಿಯ ಹೊತ್ತಿಗೆ "ಡಾ" ಪೂರ್ತಿ ಮುಗಿದಿತ್ತು. "ಪ್ರಾಣಿ ತಜ್ಞರು" ಅರ್ಧಕ್ಕೆ ಬಂದಿತ್ತು. "ದ್ಯಾಮಪ್ಪ" ಎಂಬ ಹೆಸರಿಗೆ ಮಾತ್ರ ಇಬ್ಬರೂ ಹಲ್ಲು ಹಚ್ಚಿರಲಿಲ್ಲ. ಅದಕ್ಕೆ ಬೆನ್ನು ಆನಿಸಿ ಮಲಗುತ್ತಿದ್ದರು.